ಇಂಗ್ಲೆಂಡಿನ ರಾಜರೂ ಉಕ್ಕದ ಹಾಲೂ

ಮನುಷ್ಯನಿಗೆ ಅಂಟಿಕೊಳ್ಳುವ ಚಟಗಳಲ್ಲಿ ಹೆಚ್ಚಿನವಕ್ಕೆ ಏನಾದರೊಂದು ಮದ್ದಿದೆ. ನಶ್ಯ ಬಿಟ್ಟವರನ್ನು ನೋಡಿದ್ದೇನೆ, ಇಸ್ಪೀಟು ಬಿಟ್ಟವರನ್ನು ನೋಡಿದ್ದೇನೆ, ಮೊಬೈಲ್ ನೋಡುವುದನ್ನೇ ಬಿಟ್ಟೆ ಎಂದು ಮೊಬೈಲಿನಲ್ಲೇ ಊರಿಗೆಲ್ಲ ಸಾರಿದವರನ್ನೂ ನೋಡಿದ್ದೇನೆ. ಆದರೆ ಕಥೆ ಹೇಳುವ ಚಟ ಬಿಟ್ಟವರನ್ನು ಮಾತ್ರ ಈವರೆಗೆ ಕಂಡಿಲ್ಲ. ಕಾರಣ ಸರಳ. ಉಳಿದ ಚಟಗಳಲ್ಲಿ ನರಳುವವನು ಚಟ ಹತ್ತಿಸಿಕೊಂಡವನೇ. ಇದರಲ್ಲಿ ನರಳುವವರು ಅಕ್ಕಪಕ್ಕದವರು. ಹೇಳುವವನಿಗೆ ಸ್ವರ್ಗಸುಖ, ಅವನೇಕೆ ಬಿಡುತ್ತಾನೆ? ನನಗೀಗ ಈ ಚಟ ಹತ್ತಿದೆ. ನಮ್ಮ ಪುರಾಣದ ಕಥೆಗಳೋ ವಿಜಯನಗರದ ಅರಸರ ಕಥೆಗಳೋ ಆಗಿದ್ದರೆ ಜನ ಹೇಗೋ ಸಹಿಸಿಕೊಳ್ಳುತ್ತಿದ್ದರು. ನನ್ನವು ಇಂಗ್ಲೆಂಡಿನ ಹಳೆಯ ರಾಜರ ಕಥೆಗಳು.

ಇದಕ್ಕೆಲ್ಲ ನನ್ನೊಬ್ಬ ಗೆಳೆಯ ಕಾರಣ. ಆತ ಸಣ್ಣದೊಂದು ಪ್ರಕಾಶನ ನಡೆಸುತ್ತಾನೆ. ನಾನು ಯಲಹಂಕದ ಕಾಲೇಜೊಂದರ ಕಚೇರಿಯಿಂದ ನಿವೃತ್ತನಾಗಿ, ಬೆಳಗ್ಗೆ ಪುಟ್ಟೇನಹಳ್ಳಿ ಕೆರೆಯ ಕಡೆ ಒಂದು ಸುತ್ತು, ಸಂಜೆ ಇನ್ನೊಂದು ಸುತ್ತು ಎಂದು ಕಾಲ ತಳ್ಳುತ್ತಿದ್ದೆ. ಅವನು ಒಂದು ದಿನ ಫೋನು ಮಾಡಿ, "ಸುಮ್ನೆ ಕೆರೆ ಸುತ್ತೋ ಬದ್ಲು ಇಂಗ್ಲಿಷರ ಪುರಾತನ ಕಥೆಗಳ್ನ ಮಕ್ಕಳಿಗೆ ಕನ್ನಡದಲ್ಲಿ ಬರ್ಕೊಡು ಗುರು" ಎಂದ. ಒಪ್ಪಿಕೊಂಡೆ. ಅಲ್ಲಿಯ ತನಕ ಇಂಗ್ಲಿಷರೆಂದರೆ ನನ್ನ ತಲೆಯಲ್ಲಿ ಬರುತ್ತಿದ್ದದ್ದು ಟೊಪ್ಪಿ, ಕುದುರೆ, ಕಂದಾಯ ಇಷ್ಟೇ. ಹುಟ್ಟುತ್ತಲೇ ಕೋಟು ತೊಟ್ಟು ಹುಕುಂ ಹೊರಡಿಸುತ್ತಾ ಬಂದವರು ಎಂದು ಭಾವಿಸಿದ್ದೆ. ಓದುತ್ತಾ ಹೋದಂತೆ ನನಗೆ ರೋಮಾಂಚನವಾಯಿತು. ನಮ್ಮನ್ನು ಆಳಿದ ಈ ಜನರ ಹಿಂದಿನವರು ಒಂದು ಕಾಲದಲ್ಲಿ ಕಂಡಕಂಡವರಿಂದೆಲ್ಲ ಏಟು ತಿಂದಿದ್ದರು! ಹಡಗಿನಲ್ಲಿ ಬಂದವರೆಲ್ಲ ಇವರ ಮನೆ ಸುಟ್ಟು, ದನ ಹೊಡೆದುಕೊಂಡು ಹೋಗುತ್ತಿದ್ದರು. ಇವರ ರಾಜನೇ ಕೆಸರಿನ ಜೌಗಿನಲ್ಲಿ ಅಡಗಿ ಕುಳಿತಿದ್ದ. ಎಂಥ ವಿಷಯ ಇದು! ಇದನ್ನು ನಾಲ್ಕು ಜನಕ್ಕೆ ಹೇಳದೆ ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ಹೇಗೆ?

ಹೇಳತೊಡಗಿದೆ. ಸೊಪ್ಪಿನವಳಿಗೆ ಹೇಳಿದೆ, ಅವಳು ಮರುದಿನದಿಂದ ನಮ್ಮ ಗೇಟಿನ ಮುಂದೆ ಕೂಗುವುದನ್ನು ಬಿಟ್ಟು ಆ ಕಡೆಯ ರಸ್ತೆಯಲ್ಲಿ ಹೋಗತೊಡಗಿದಳು. ಕ್ಷೌರದಂಗಡಿಯವನಿಗೆ ಹೇಳಿದೆ, ಅವನು ಮೀಸೆಯ ಒಂದು ಕಡೆ ಕೊಂಚ ಹೆಚ್ಚೇ ಕತ್ತರಿಸಿದ. ನನ್ನ ಕಥೆಗಳನ್ನು ನಿಂತು ಕೇಳಿದ ಪುಣ್ಯಾತ್ಮರೆಂದರೆ ಪಕ್ಕದ ಮನೆಯ ನಜೀರ್ ಸಾಹೇಬರು ಒಬ್ಬರೇ. ಅವರದು ಪ್ಲೈವುಡ್ ವ್ಯಾಪಾರ, ಮನೆಯಲ್ಲಿ ದಖನಿ ಉರ್ದು, ಬೀದಿಯಲ್ಲಿ ನಮ್ಮೆಲ್ಲರಿಗಿಂತ ಚುರುಕು ಕನ್ನಡ. ಕನ್ಯೂಟ್ ಎಂಬ ರಾಜನ ಕಥೆಯನ್ನು ಅವರಿಗೆ ಗೇಟಿನ ಬಳಿಯೇ ಹೇಳಿದೆ. ಅವನ ಆಸ್ಥಾನದವರು "ತಾವು ಹೇಳಿದರೆ ಸಮುದ್ರವೂ ಕೇಳುತ್ತೆ ಪ್ರಭೂ" ಎಂದು ಬೆಣ್ಣೆ ಹಚ್ಚಿದರಂತೆ. ಅವನು ಅವರಿಗೆ ಬುದ್ಧಿ ಕಲಿಸಲೆಂದೇ ದಡದಲ್ಲಿ ಸಿಂಹಾಸನ ಹಾಕಿಸಿ ಕುಳಿತು, ಅಲೆಗಳಿಗೆ "ಹಿಂದಕ್ಕೆ ಹೋಗಿ" ಎಂದು ಅಪ್ಪಣೆ ಮಾಡಿದ. ಅಲೆ ಬಂದು ಕಾಲು ತೋಯಿಸಿತು. ನಜೀರ್ ಸಾಹೇಬರು ತಲೆದೂಗಿ, "ಸಾರ್, ಅವ್ನು ಸಮುದ್ರಕ್ಕೆ ಯಾಕೆ ಹೋಗ್ಬೇಕಿತ್ತು? ಮಳೆ ಬಂದಾಗ ನಮ್ಮ ಕೋಗಿಲು ಕ್ರಾಸಲ್ಲಿ ಒಂದು ಪ್ಲಾಸ್ಟಿಕ್ ಚೇರ್ ಹಾಕ್ಕೊಂಡು ಕೂತಿದ್ರೆ ಸಾಕಿತ್ತು" ಎಂದರು. ಅಂದಿನಿಂದ ಅವರ ಮೇಲೆ ನನಗೆ ವಿಶೇಷ ಅಭಿಮಾನ.

ನನ್ನ ಹೆಂಡತಿ ವಿಮಲಾ ಈ ಕಥೆಗಳ ಮೊದಲ ಶ್ರೋತೃ, ಮೊದಲ ವೈರಿ. ಆಲ್ಫ್ರೆಡ್ ರಾಜನ ಕಥೆಯನ್ನು ಅನುವಾದಿಸಿ ಅವಳಿಗೆ ಓದಿದೆ. ವೈರಿಗಳಿಗೆ ಸೋತ ಆಲ್ಫ್ರೆಡ್ ವೇಷ ಮರೆಸಿಕೊಂಡು ಬಡ ದನಗಾಹಿಯ ಗುಡಿಸಲಿನಲ್ಲಿ ಉಳಿದಿರುತ್ತಾನೆ. ಆ ಮನೆಯ ಹೆಂಗಸು ಒಲೆಯ ಮೇಲೆ ಕೇಕುಗಳನ್ನಿಟ್ಟು, "ಸ್ವಲ್ಪ ನೋಡ್ಕೋ" ಎಂದು ಇವನಿಗೆ ಹೇಳಿ ಹೋಗುತ್ತಾಳೆ. ಇವನು ರಾಜ್ಯದ ಚಿಂತೆಯಲ್ಲಿ ಮುಳುಗಿ ಎಲ್ಲವನ್ನೂ ಸೀಯಿಸುತ್ತಾನೆ. ಅಷ್ಟು ಓದುವಷ್ಟರಲ್ಲಿ ವಿಮಲಾ ತಡೆದು, "ಆ ಗುಡಿಸ್ಲಲ್ಲಿ ಯಾರದ್ರೀ ಹುಟ್ಟುಹಬ್ಬ?" ಎಂದಳು. ಕೇಕು ಹೊಡೆದು ಹಾಕಿ ರೊಟ್ಟಿ ಎಂದು ತಿದ್ದಿದೆ. ಮುಂದಕ್ಕೆ ಓದಿದೆ. ಆ ಹೆಂಗಸು ಬಂದು, ಇವನು ರಾಜನೆಂದು ತಿಳಿಯದೆ, "ತಿನ್ನೋಕಾದ್ರೆ ಮುಂದೆ ಬರ್ತೀಯ, ತಿರುವಿ ಹಾಕೋಕೆ ಆಗಲ್ವಾ?" ಎಂದು ಝಾಡಿಸುತ್ತಾಳೆ. ವಿಮಲಾ ಪುಳಕಿತಳಾದಳು. "ಇದು ಒಳ್ಳೇ ಕಥೆ. ಆ ಹೆಂಗ್ಸಿನ ಹೆಸರೇನು?" ಎಂದು ಕೇಳಿದಳು. ಹೆಸರು ಯಾರೂ ಬರೆದಿಟ್ಟಿಲ್ಲ ಎಂದೆ. "ಅದೇ ಅಂದ್ಕೊಂಡೆ. ಸೀಯಿಸಿದವನ ಹೆಸರು ಇರುತ್ತೆ, ರೊಟ್ಟಿ ತಟ್ಟಿದವಳ ಹೆಸರು ಇರಲ್ಲ" ಎಂದಳು. ಆ ಸಂತೋಷಕ್ಕೆ ಕಾರಣ ನನಗೆ ಗೊತ್ತಿತ್ತು. ನಮ್ಮ ಅಡುಗೆಮನೆಯಲ್ಲಿ ನನಗೆ ಒಪ್ಪಿಸಿದ ಹಾಲು ಒಂದು ದಿನವೂ ಪಾತ್ರೆಯೊಳಗೆ ಉಳಿದದ್ದಿಲ್ಲ. ನಾನು ಎದುರಿಗೇ ನಿಂತಿರುತ್ತೇನೆ, ಕಣ್ಣೂ ಅದರ ಮೇಲೇ ಇರುತ್ತದೆ, ಆದರೂ ಅದು ನನ್ನ ಕಣ್ಣೆದುರೇ ಉಕ್ಕಿ ಕಟ್ಟೆಯಿಂದ ನೆಲಕ್ಕೆ ಇಳಿಯುತ್ತದೆ. ವಿಮಲಾ ನನ್ನನ್ನು ಆಲ್ಫ್ರೆಡ್ ಎಂದು ಕರೆಯಲು ಶುರುಮಾಡಿದಳು. ನನಗೂ ರೋಷ ಬಂತು. ಹಾಲಿಟ್ಟರೆ ಒಲೆಯ ಗುಂಡಿಯ ಮೇಲೆ ಕೈಯಿಟ್ಟುಕೊಂಡೇ ನಿಲ್ಲುವುದು, ಹಾಲಿನ ಅಂಚು ಏಳುತ್ತಿದ್ದಂತೆ ಟಕ್ಕನೆ ಆರಿಸುವುದು, ಹೀಗೆ ಅಭ್ಯಾಸ ಮಾಡಿದೆ. ಕೆಲವು ವಾರಗಳಲ್ಲಿ ಎಂಥ ಪಳಗಿದ ಕೈ ಬಂತೆಂದರೆ, ತಲೆಯಲ್ಲಿ ಯಾವ ರಾಜ ಯುದ್ಧ ಮಾಡುತ್ತಿದ್ದರೂ ಕೈ ತಾನಾಗಿ ಗುಂಡಿ ತಿರುಗಿಸುತ್ತಿತ್ತು.

ಇದೇ ಸಮಯಕ್ಕೆ ನನ್ನ ನಾದಿನಿ ಸುಮಿತ್ರಾಳ ಗೃಹಪ್ರವೇಶ ಬಂತು. ವಿಮಲಾಳ ತಂಗಿ ಅವಳು. ಗಂಡ ಮಲ್ಲಿಕಾರ್ಜುನ ಗದಗಿನವನು, ಯಶವಂತಪುರದ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸ. ಮದುವೆಯಾದಾಗಿನಿಂದ ವಿದ್ಯಾರಣ್ಯಪುರದ ಬಾಡಿಗೆ ಮನೆಯಲ್ಲಿದ್ದರು. ಮಲ್ಲಿಕಾರ್ಜುನನ ತಾಯಿ ಶಾಂತವ್ವ ಜೊತೆಗಿದ್ದರು. ಸುಮಿತ್ರಾಳಿಗೂ ಆಕೆಗೂ ಅತ್ತೆ ಸೊಸೆಯರಿಗೆ ತಕ್ಕಷ್ಟು ಜಗಳವಿತ್ತು, ಅದಕ್ಕಿಂತ ಹೆಚ್ಚು ಪ್ರೀತಿಯಿತ್ತು. ಈಗ ಕೋಗಿಲಿನಲ್ಲಿ ಸ್ವಂತಕ್ಕೆ ಒಂದು ಫ್ಲ್ಯಾಟು ತೆಗೆದುಕೊಂಡರು. ಗಾಳಿ ಚೆನ್ನಾಗಿ ಬರುತ್ತಿತ್ತು, ಕಿಟಕಿಯಿಂದ ಒಂದು ಹುಣಸೆಮರ ಕಾಣುತ್ತಿತ್ತು, ಒಂದೇ ದೋಷವೆಂದರೆ ಮುಂಬಾಗಿಲು ದಕ್ಷಿಣಕ್ಕಿತ್ತು. ಶಾಂತವ್ವ ಅದನ್ನು ಕೇಳಿದವರೇ, "ಯಮನ ದಿಕ್ಕಿಗೆ ಬಾಗ್ಲಿರೋ ಮನಿಯಾಗ ನಾ ಇರಾಂಗಿಲ್ಲ. ಗದಗಿಗೆ ದೊಡ್ಡ ಮಗನ ಮನಿಗೆ ಹೋಗ್ತೀನಿ" ಎಂದುಬಿಟ್ಟರು. ಸುಮಿತ್ರಾ ಅತ್ತಳು, ಮಲ್ಲಿಕಾರ್ಜುನ ವಾಸ್ತು ಪಂಡಿತರಿಬ್ಬರನ್ನು ಕರೆಸಿದ, ಒಬ್ಬರು ಒಂದು ಹೇಳಿದರೆ ಇನ್ನೊಬ್ಬರು ಇನ್ನೊಂದು ಹೇಳಿದರು. ಕೊನೆಗೆ ಶಾಂತವ್ವನೇ ಒಂದು ಮಾತಿಗೆ ಬಂದರು. ಗೃಹಪ್ರವೇಶದ ದಿನ ಹಾಲು ಚೆನ್ನಾಗಿ ಉಕ್ಕಿದರೆ ಮನೆ ಒಪ್ಪಿದೆ ಎಂದರ್ಥ, ತಾನು ಇರುತ್ತೇನೆ. ಉಕ್ಕದಿದ್ದರೆ ಅದೇ ಸಂಜೆಯ ರೈಲಿಗೆ ಗದಗು. ಹಾಲು ಉಕ್ಕುವುದರಲ್ಲಿ ಏನು ಮಹಾ ಕಷ್ಟ ಎಂದು ಎಲ್ಲರೂ ನೆಮ್ಮದಿಯ ಉಸಿರು ಬಿಟ್ಟೆವು.

ಹೊಸ ಮನೆಗೆ ಗ್ಯಾಸು ಇನ್ನೂ ಬಂದಿರಲಿಲ್ಲ. ಹಾಗಾಗಿ ನಮ್ಮ ಮನೆಯ ಒಲೆಯನ್ನೇ ಸಿಲಿಂಡರ್ ಸಮೇತ ನಜೀರ್ ಸಾಹೇಬರ ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಬೆಳಗ್ಗೆ ಬೆಳಗ್ಗೆಯೇ ಕೋಗಿಲಿಗೆ ಹೋದೆವು. ಬಾಗಿಲಿಗೆ ಮಾವಿನ ತೋರಣ, ಹೊಸ್ತಿಲಿಗೆ ಅರಿಶಿನ, ಒಳಗೆ ಹೋಮದ ಹೊಗೆ. ಬಾಗಿಲ ಪಕ್ಕದಲ್ಲೇ ಶಾಂತವ್ವನ ಬ್ಯಾಗು, ಜಿಪ್ಪು ಕೂಡ ತೆಗೆಯದೆ, ಹೊರಡಲು ಸಿದ್ಧವಾಗಿ ಕುಳಿತಿತ್ತು. ಸುಮಿತ್ರಾ ಹೋಗುತ್ತ ಬರುತ್ತ ಅದನ್ನೇ ನೋಡುತ್ತಿದ್ದಳು. ನನ್ನನ್ನು ಮೂಲೆಗೆ ಕರೆದು, "ಭಾವ, ಅತ್ತೆ ಇಲ್ದಿರೋ ಮನೆ ನಂಗೆ ಬೇಡ. ಏನಾದ್ರೂ ಆಗ್ಲಿ, ಹಾಲೊಂದು ಉಕ್ಬಿಡ್ಲಿ" ಎಂದಳು. ಹೆದರಬೇಡಮ್ಮ, ನಾನಿದ್ದೇನೆ ಎಂದು ಧೈರ್ಯ ಹೇಳಿದೆ. ಆಮೇಲೆ ಯೋಚಿಸಿದರೆ ಅವಳು ಹೆದರಬೇಕಾಗಿದ್ದದ್ದು ಆ ಮಾತಿಗೇ.

ಗಂಡಹೆಂಡತಿ ಹೋಮಕ್ಕೆ ಕುಳಿತಿದ್ದರು. ಶಾಂತವ್ವ ಅವರ ಹಿಂದೆ ಮಣೆಯ ಮೇಲೆ ಕುಳಿತು ಪುರೋಹಿತರ ಮಂತ್ರವನ್ನು ತೂಗಿ ನೋಡುತ್ತಿದ್ದರು. ಅಡುಗೆಮನೆಯಲ್ಲಿ ವಿಮಲಾ ಹೊಸ ಪಾತ್ರೆಗೆ ಅರಿಶಿನ ಕುಂಕುಮವಿಟ್ಟು, ಹಾಲು ಹುಯ್ದು, ಒಲೆ ಹಚ್ಚಿದಳು. ಒಲೆಯ ಒಂದು ಬದಿಯ ಕಾಲಿನಡಿ ಮಡಿಸಿದ ಕಾಗದವನ್ನೂ ಇಟ್ಟಳು, ಹಾಲು ಪೂರ್ವದ ಕಡೆಗೇ ಚೆಲ್ಲಲಿ ಎಂದು. ಶಕುನಕ್ಕೂ ನಮ್ಮ ಕೈಲಾದ ಸಹಾಯ ಮಾಡಬೇಕು ಎಂಬುದು ಅವಳ ಮತ. ಅಷ್ಟರಲ್ಲಿ ಹೊರಗೆ ಯಾರೋ ಮುತ್ತೈದೆಯರು ಬಂದರು, ಕರೆತರಲು ಅವಳು ಹೋಗಬೇಕಾಯಿತು. "ರೀ, ಹಾಲು ಏಳೋಕೆ ಶುರುವಾದ ತಕ್ಷಣ ಎಲ್ಲರ್ನೂ ಕೂಗಿ. ಎಲ್ರೂ ನೋಡ್ಬೇಕು. ನಿಮ್ಮ ಇಂಗ್ಲೆಂಡಿಗೆ ಹೋಗ್ಬಿಡ್ಬೇಡಿ" ಎಂದು ಹೇಳಿ ಹೋದಳು.

ನಾನು ಹೋಗಲಿಲ್ಲ. ದೇವರಾಣೆ ಹೋಗಲಿಲ್ಲ. ಆಲ್ಫ್ರೆಡ್ ಎಂದು ಕರೆಸಿಕೊಂಡವನ ಛಲದಿಂದ ನಿಂತು ಹಾಲನ್ನೇ ನೋಡಿದೆ. ಅಂಚಿನಲ್ಲಿ ಸಣ್ಣ ಗುಳ್ಳೆ ಬಂತು. ಕೆನೆ ನಡುಗಿತು. ನಡುವೆ ಉಬ್ಬಿತು. ಇಗೋ ಎದ್ದಿತು, ಎದ್ದಿತು, ಪಾತ್ರೆಯ ಬಾಯಿಗೆ ಬಂತು! ಆ ಕ್ಷಣದಲ್ಲಿ, ಅದು ನಮ್ಮದೇ ಒಲೆ, ನಮ್ಮದೇ ಗುಂಡಿ ನೋಡಿ, ನನ್ನ ಪಳಗಿದ ಕೈ ಮುಂದಕ್ಕೆ ಹೋಗಿ ಟಕ್ಕನೆ ತಿರುಗಿಸಿತು. ಹಾಲು ಬಾಯಂಚಿನಲ್ಲಿ ಒಂದು ಗಳಿಗೆ ನಿಂತು, ಸದ್ದಿಲ್ಲದೆ ಇಳಿದುಹೋಯಿತು. ನನಗಾದ ಆನಂದ ಹೇಳತೀರದು. ಜೀವಮಾನದಲ್ಲಿ ಇಷ್ಟು ಸರಿಯಾದ ಗಳಿಗೆಗೆ ನಾನು ಯಾವ ಕೆಲಸವನ್ನೂ ಮಾಡಿರಲಿಲ್ಲ. "ಬನ್ನಿ, ಎಲ್ಲರೂ ಬನ್ನಿ! ಒಂದು ತೊಟ್ಟೂ ಚೆಲ್ಲಿಲ್ಲ! ಉಳಿಸ್ಬಿಟ್ಟೆ!" ಎಂದು ಸೂರು ಹಾರಿಹೋಗುವಂತೆ ಕೂಗಿದೆ.

ಬಂದರು. ವಿಮಲಾ ಬಂದಳು, ಮುತ್ತೈದೆಯರು ಬಂದರು, ಹೋಮದಿಂದ ಎದ್ದು ಸುಮಿತ್ರಾ ಓಡಿ ಬಂದಳು, ಬಾಗಿಲ ಬಳಿಯಿಂದ ನಜೀರ್ ಸಾಹೇಬರು ಬಂದರು. ಎಲ್ಲರೂ ಪಾತ್ರೆಯೊಳಗೆ ಇಣುಕಿದರು. ಆಮೇಲೆ ನನ್ನ ಮುಖ ನೋಡಿದರು. ನಾನು ಇನ್ನೂ ನಗುತ್ತಿದ್ದೆ. ಕೊನೆಗೆ ಬಂದವರು ಶಾಂತವ್ವ. ಆಕೆ ಪಾತ್ರೆ ನೋಡಿ, ಒಲೆ ನೋಡಿ, ಗುಂಡಿಯ ಮೇಲೆ ಇನ್ನೂ ಇದ್ದ ನನ್ನ ಕೈ ನೋಡಿದರು.

"ಏನ್ರೀ ಬೀಗರ, ಹಾಲ ಉಕ್ಕಬೇಕಂತ ಒಲಿ ಮ್ಯಾಲೆ ಇಟ್ರ, ನೀವು ಒಲಿನಽ ಆರಿಸಿಬಿಟ್ರಿ?"

ಆಗ ನನಗೆ ಅರ್ಥವಾಯಿತು. ಸುಮಿತ್ರಾ ಅಳಲಿಲ್ಲ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಾಗಿಲ ಬಳಿಯ ಬ್ಯಾಗಿನ ಕಡೆ ನೋಡಿದಳು. ಅದಕ್ಕಿಂತ ಅವಳು ನನಗೆ ನಾಲ್ಕು ಬೈದಿದ್ದರೆ ಚೆನ್ನಾಗಿತ್ತು. ವಿಮಲಾ ಮಾತ್ರ ಮೆಲ್ಲಗೆ, "ದಿನಾ ಉಕ್ಕಿಸ್ತಿದ್ರಲ್ರೀ, ಇವತ್ತೊಂದು ದಿನ ನಿಮ್ಮ ಹಳೇ ಬುದ್ಧಿ ಎಲ್ಲಿ ಹೋಗಿತ್ತು?" ಎಂದಳು.

ಪುರೋಹಿತರು ಒಳ್ಳೆಯವರು. ಮುಹೂರ್ತ ಇನ್ನೂ ಮೀರಿಲ್ಲ, ಈ ಹಾಲನ್ನು ಕಾಫಿಗೆ ತೆಗೆದಿಡಿ, ಬೇರೆ ಹಾಲು ತಂದು ಇನ್ನೊಮ್ಮೆ ಇಡಿ ಎಂದರು. ನಜೀರ್ ಸಾಹೇಬರು, "ಬೂತ್ ಇಲ್ಲೇ ಇದೆ, ಈಗ್ ಬಂದೆ" ಎಂದು ಓಡಿದರು. ಅವರು ಬರುವ ತನಕ ಅಡುಗೆಮನೆಯಲ್ಲಿ ಭಯಂಕರ ಮೌನ. ನನಗೆ ಮೌನ ಎಂದರೆ ಆಗದು. ಅಲ್ಲದೆ ಆ ಹೊತ್ತಿಗೆ ಸರಿಹೊಂದುವ ಕಥೆಯೊಂದು ನಾಲಿಗೆಯ ತುದಿಯಲ್ಲೇ ಕುಣಿಯುತ್ತಿತ್ತು. "ಅಮ್ಮಾ, ಶಕುನ ಅನ್ನೋದು ನಾವು ಅರ್ಥ ಮಾಡ್ಕೊಳ್ಳೋದ್ರಲ್ಲಿದೆ. ವಿಲಿಯಂ ಅಂತ ಒಬ್ಬ ದೊರೆ ಇದ್ದ" ಎಂದು ಶುರುಮಾಡಿಯೇ ಬಿಟ್ಟೆ. ವಿಮಲಾ ಕಣ್ಣು ಮುಚ್ಚಿಕೊಂಡಳು.

ವಿಲಿಯಂ ಇಂಗ್ಲೆಂಡನ್ನು ಗೆಲ್ಲಲು ಹಡಗುಗಟ್ಟಲೆ ಸೈನ್ಯದೊಂದಿಗೆ ಬರುತ್ತಾನೆ. ಹಡಗಿನಿಂದ ಇಳಿದು ಮೊದಲ ಹೆಜ್ಜೆ ಇಡುತ್ತಿದ್ದಂತೆ ಕಾಲು ಜಾರಿ ಮುಗ್ಗರಿಸಿ ಬೀಳುತ್ತಾನೆ. ಅಪಶಕುನ ಎಂದು ಸೈನಿಕರೆಲ್ಲ ಹೌಹಾರುತ್ತಾರೆ. ಅವನೋ ಎರಡೂ ಕೈಗಳಲ್ಲಿ ಮರಳು ಬಾಚಿಕೊಂಡು ಎದ್ದು, "ನೋಡಿ, ಈ ನೆಲವನ್ನು ಎರಡು ಕೈಯಲ್ಲೂ ಹಿಡಿದುಕೊಂಡೆ!" ಎನ್ನುತ್ತಾನೆ. ಅಷ್ಟೇ, ಅಪಶಕುನ ಶುಭಶಕುನವಾಯಿತು. ಅವನು ಗೆದ್ದ, ರಾಜನಾದ. "ಹಾಗೇನೇ ಅಮ್ಮಾ, ಹಾಲು ಚೆಲ್ಲದೆ ಪಾತ್ರೇಲೇ ನಿಂತಿದೆ ಅಂದ್ರೆ, ಈ ಮನೆಯಿಂದ ಏನೂ ಹೊರಗೆ ಹೋಗಲ್ಲ ಅಂತ ಅರ್ಥ!" ಎಂದು ಮುಗಿಸಿದೆ. ನನಗೇ ಇದು ಎಷ್ಟು ಚೆನ್ನಾಗಿ ಬಂತೆಂದರೆ ಮುತ್ತೈದೆಯರು ಈಗ ತಲೆಯಾಡಿಸುತ್ತಾರೆ ಎಂದು ಸುತ್ತ ನೋಡಿದೆ.

ಶಾಂತವ್ವ ನನ್ನ ಕಡೆ ತಿರುಗಿದರು. "ಬಿದ್ದಾಂವಗ ಚೊಲೋ ಆತು, ಖರೆ. ಆದ್ರ ಆ ಊರಾಗ ಮೊದಲಽ ಒಬ್ಬ ರಾಜ ಇದ್ದಿರಬೇಕಲ್ರೀ, ಅವಂಗ ಏನಾತು?"

ಅವನು ಯುದ್ಧದಲ್ಲಿ ಸತ್ತ ಎಂದೆ. ಕಣ್ಣಿಗೆ ಬಾಣ ನಾಟಿತು ಎಂದು ಹೇಳುತ್ತಾರೆ ಎಂಬುದನ್ನೂ ಸೇರಿಸಿದೆ; ಹೇಳಬಾರದಿತ್ತು.

"ಹಂಗಾರ ಶಕುನ ಖರೇನಽ ಆತಲ್ರೀ. ಒಬ್ಬಾಂವ ಬಿದ್ದ, ಮನಿಯಾಂವ ಹೋದ. ಇಲ್ಲೆ ಆರಿಸಿದವ್ರು ನೀವು, ಮನಿ ನನ್ನ ಮಗಂದು. ಸುಮ್ಕಿರ್ರಿ ಬೀಗರ."

ಇಷ್ಟು ತಿಂಗಳಿಂದ ಆ ಕಥೆ ನನ್ನ ತಲೆಯಲ್ಲಿದೆ, ಅದನ್ನು ಊರ ಯಜಮಾನನ ಕಡೆಯಿಂದ ನೋಡಬಹುದು ಎಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ನಜೀರ್ ಸಾಹೇಬರು ಹಾಲಿನ ಪ್ಯಾಕೆಟ್ಟುಗಳನ್ನು ತಂದರು. ಫ್ರಿಜ್ಜಿನಿಂದ ತೆಗೆದದ್ದು, ಮಂಜಿನಷ್ಟು ತಣ್ಣಗಿತ್ತು. ಪಾತ್ರೆ ಮತ್ತೆ ಒಲೆಗೇರಿತು. ವಿಮಲಾ ತಳ ಹಿಡಿಯಬಾರದೆಂದು ಉರಿಯನ್ನು ಸಣ್ಣದು ಮಾಡಿದಳು. ನನ್ನನ್ನು ಒಲೆಯಿಂದ ಆದಷ್ಟು ದೂರ, ಫ್ರಿಜ್ಜು ಬರಬೇಕಿದ್ದ ಮೂಲೆಯಲ್ಲಿ ನಿಲ್ಲಿಸಿ, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಲು ಹೇಳಿದರು. ಇಡೀ ಮನೆ ಆ ಪಾತ್ರೆಯನ್ನೇ ದಿಟ್ಟಿಸತೊಡಗಿತು. ಹಾಲು ಅಲ್ಲಾಡಲಿಲ್ಲ. ಪುರೋಹಿತರು ಗಡಿಯಾರ ನೋಡಿಕೊಂಡರು. ಸುಮಿತ್ರಾಳ ತುಟಿ ಏನನ್ನೋ ಜಪಿಸುತ್ತಿತ್ತು.

ಆಗ ಶಾಂತವ್ವ ಒಲೆಯ ಪಕ್ಕಕ್ಕೆ ಬಂದು ನಿಂತು, "ಹಿಂಗ ಎಲ್ಲಾರೂ ಕಣ್ಣ ಹಾಕ್ಕೊಂಡು ನಿಂತ್ರ ಹಾಲು ಉಕ್ಕೂದಿಲ್ಲ. ಎಲ್ಲಾರೂ ಮಾರಿ ಆ ಕಡೆ ತಿರುವ್ರಿ" ಎಂದು ಅಪ್ಪಣೆ ಮಾಡಿದರು. ನೋಡುತ್ತಾ ನಿಂತರೆ ಹಾಲು ಕಾಯುವುದಿಲ್ಲ ಎಂದು ನಮ್ಮಜ್ಜಿಯೂ ಹೇಳುತ್ತಿದ್ದರು. ಮುತ್ತೈದೆಯರು, ಮನೆಯವರು, ಪುರೋಹಿತರು, ನಜೀರ್ ಸಾಹೇಬರು, ಎಲ್ಲರೂ ಒಲೆಗೆ ಬೆನ್ನು ಮಾಡಿ ಗೋಡೆ ನೋಡುತ್ತಾ ನಿಂತೆವು. ನನಗೆ ಥಟ್ಟನೆ ಇನ್ನೊಂದು ಕಥೆ ನೆನಪಾಯಿತು. ಒಂದೂರಿನ ಒಡತಿ, ಜನರ ಮೇಲಿನ ತೆರಿಗೆ ಇಳಿಸಬೇಕೆಂದು ಗಂಡನಿಗೆ ಬೇಡಿ, ಅವನು ಹಾಕಿದ ಕ್ರೂರ ಷರತ್ತಿನಂತೆ, ತನ್ನ ಉದ್ದ ಕೂದಲನ್ನಷ್ಟೇ ಹೊದ್ದು ಕುದುರೆಯ ಮೇಲೆ ಊರೆಲ್ಲ ಸುತ್ತುತ್ತಾಳೆ. ಊರಿನವರೆಲ್ಲ ಗೌರವದಿಂದ ಕಿಟಕಿ ಬಾಗಿಲು ಮುಚ್ಚಿ ಒಳಗೆ ಕೂರುತ್ತಾರೆ. ಒಬ್ಬ ದರ್ಜಿ ಮಾತ್ರ ಸಂದಿಯಲ್ಲಿ ಇಣುಕಿ ನೋಡುತ್ತಾನೆ, ಕಣ್ಣು ಕಳೆದುಕೊಳ್ಳುತ್ತಾನೆ. ನನ್ನ ಕತ್ತು ಒಲೆಯ ಕಡೆ ತಿರುಗಲು ತವಕಿಸುತ್ತಿತ್ತು. ಆ ದರ್ಜಿಯನ್ನು ನೆನೆದು ತಡೆದುಕೊಂಡೆ. ಈ ಕಥೆಯನ್ನು ಮುತ್ತೈದೆಯರ ಮುಂದೆ ಹೇಳುವುದು ಬೇಡ ಎನ್ನುವಷ್ಟು ವಿವೇಕ ಅಂದು ನನ್ನಲ್ಲಿ ಉಳಿದಿತ್ತು.

"ಸುಮ್ಮ ನಿಂತ್ರ ಮನಸು ಅಲ್ಲೇ ಹೋಗ್ತದ. ಬೀಗರ, ನೀವು ಒಂದು ಕತಿ ಹೇಳ್ರಿ" ಎಂದರು ಶಾಂತವ್ವ.

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಈ ಕಥೆಗಳನ್ನು ಹಿಡಿದು ನಾನು ತಿಂಗಳುಗಟ್ಟಲೆ ಅಲೆದಿದ್ದೆ, ಒಬ್ಬರಾದರೂ ಬಾಯಿಬಿಟ್ಟು "ಹೇಳಿ" ಎಂದಿರಲಿಲ್ಲ. ಅಕ್ಕಪಕ್ಕ ತುಂಬಿದ ಸಭೆ, ಅದೂ ಎದ್ದು ಹೋಗಲಾರದ ಸಭೆ! ನನ್ನ ಬತ್ತಳಿಕೆಯಲ್ಲಿದ್ದ ಅತ್ಯುತ್ತಮ ಬಾಣವನ್ನೇ ತೆಗೆದೆ. ಸಿಂಹದೆದೆಯವನೆಂದು ಹೆಸರಾದ ರಿಚರ್ಡ್ ರಾಜ ದೂರದೇಶದ ಯುದ್ಧ ಮುಗಿಸಿ ಮರಳುವಾಗ ವೈರಿಗಳ ಕೈಗೆ ಸಿಕ್ಕಿಬಿದ್ದ ಕಥೆ. ಅವನನ್ನು ಯಾವುದೋ ಬೆಟ್ಟದ ಕೋಟೆಯಲ್ಲಿ ಅಡಗಿಸಿಟ್ಟರು. ಎಲ್ಲಿ ಎಂದು ಯಾರಿಗೂ ಗೊತ್ತಿಲ್ಲ. ಬದುಕಿದ್ದಾನೋ ಸತ್ತಿದ್ದಾನೋ ಅದೂ ಗೊತ್ತಿಲ್ಲ. ಅವನಿಗೊಬ್ಬ ಹಾಡುಗಾರ ಗೆಳೆಯನಿದ್ದ. ಹಿಂದೆ ಇಬ್ಬರೂ ಕೂಡಿ ಒಂದು ಹಾಡು ಕಟ್ಟಿದ್ದರು, ಅವರಿಬ್ಬರಿಗಲ್ಲದೆ ಮೂರನೆಯವರಿಗೆ ಅದು ಬಾರದು. ಆ ಗೆಳೆಯ ಹೆಗಲಿಗೆ ವಾದ್ಯ ಏರಿಸಿ ಒಬ್ಬನೇ ಹೊರಟ. ಸಿಕ್ಕಿದ ಕೋಟೆಯ ಕೆಳಗೆಲ್ಲ ನಿಂತು ಹಾಡಿನ ಅರ್ಧ ಹಾಡುವುದು, ಕಿವಿಗೊಟ್ಟು ಕಾಯುವುದು, ಉತ್ತರ ಬಾರದಿದ್ದರೆ ಮುಂದಿನ ಕೋಟೆಗೆ ನಡೆಯುವುದು. ಕಾಲು ಒಡೆಯಿತು, ಬಟ್ಟೆ ಹರಿಯಿತು, ಬೇಡಿ ತಿಂದ, ಆದರೂ ಹಾಡುವುದನ್ನು ಬಿಡಲಿಲ್ಲ.

ನಟನೆಯಲ್ಲ, ಆ ಗೆಳೆಯನನ್ನು ನೆನೆದರೆ ನನಗೆ ನಿಜವಾಗಿಯೂ ಅಳು ಬರುತ್ತದೆ. ಪಕ್ಕದಲ್ಲಿ ನಜೀರ್ ಸಾಹೇಬರು "ಅರೆರೆ, ಪಾಪ" ಎಂದರು. ಮುತ್ತೈದೆಯರಲ್ಲೊಬ್ಬರು ಮೂಗೆಳೆದರು. ಗೋಡೆಯ ಕಡೆ ಮುಖ ಮಾಡಿದ್ದ ವಿಮಲಾ ಕೂಡ ಆಲಿಸುತ್ತಿದ್ದಳು, ಅವಳ ಕತ್ತಿನ ವಾಲಿಕೆಯಿಂದಲೇ ನನಗೆ ತಿಳಿಯಿತು. ದನಿಯನ್ನು ತಗ್ಗಿಸಿದೆ. "ಕೊನೆಗೆ ಒಂದು ಸಂಜೆ, ಒಂದು ಕಪ್ಪು ಕೋಟೆ. ಇನ್ನು ಮುಂದೆ ಹೋಗೋಕೆ ಅವನಲ್ಲಿ ಶಕ್ತಿ ಇಲ್ಲ. ಅಲ್ಲೇ ಕಲ್ಲಿನ ಮೇಲೆ ಕೂತು ಹಾಡಿನ ಅರ್ಧ ಹಾಡಿದ. ನಿಲ್ಲಿಸಿದ. ಗಾಳಿ ಕೂಡ ನಿಂತಿತು. ಮೇಲೆ, ಎಲ್ಲೋ ಎತ್ತರದಲ್ಲಿ, ಒಂದು ಸಣ್ಣ ಕಿಟಕಿ. ಆ ಕಿಟಕಿಯಿಂದ..."

ಸುರ್ರ್ರ್ ಎಂದಿತು.

ತಿರುಗಿ ನೋಡಿದರೆ ಹಾಲು! ಬೆಳ್ಳಗೆ, ಪೊರೆಪೊರೆಯಾಗಿ, ಪಾತ್ರೆಯ ಸುತ್ತಲೂ ಉಕ್ಕಿ ಸುರಿಯುತ್ತಿತ್ತು. ಪೂರ್ವ, ಪಶ್ಚಿಮ ಎಂದು ನೋಡದೆ ಎಲ್ಲ ದಿಕ್ಕಿಗೂ ಹರಿಯಿತು. ಒಲೆಯ ಉರಿಯನ್ನು ಆರಿಸಿ, ಕಟ್ಟೆಯ ಮೇಲೆ ಹಬ್ಬಿ, ಕೆಳಗೆ ರಂಗೋಲಿಯ ಮೇಲೆ ಇಳಿಯಿತು. "ಉಕ್ತು! ಉಕ್ತು!" ಎಂದು ಸುಮಿತ್ರಾ ಮಗುವಿನ ಹಾಗೆ ಚಪ್ಪಾಳೆ ತಟ್ಟಿ ಕುಣಿದಳು. ಮಲ್ಲಿಕಾರ್ಜುನ ಹೋಮದ ಬಳಿಯಿಂದ ಪಂಚೆಯಲ್ಲೇ ಓಡಿ ಬಂದು ತಾಯಿಯ ಕಾಲಿಗೆ ಬಿದ್ದ. ಮುತ್ತೈದೆಯರು ಆರತಿ ಎತ್ತಿದರು, ನಜೀರ್ ಸಾಹೇಬರು ನನ್ನ ಬೆನ್ನು ತಟ್ಟಿದರು, ವಿಮಲಾ ಗ್ಯಾಸು ಬಂದ್ ಮಾಡಿ, ನಗುತ್ತ ಅಳುತ್ತ ಒರೆಸುವ ಬಟ್ಟೆ ಹುಡುಕಿದಳು. ಶಾಂತವ್ವ ನಿಧಾನವಾಗಿ ನಡೆದು ಹೋಗಿ, ಬಾಗಿಲ ಬಳಿಯ ಬ್ಯಾಗನ್ನು ಎತ್ತಿಕೊಂಡು ಒಳಗಿನ ಕೋಣೆಯಲ್ಲಿಟ್ಟು ಬಂದರು. ಅದನ್ನು ನೋಡಿ ನನ್ನ ಕಣ್ಣೂ ತುಂಬಿತು. ಕಿಟಕಿಯಿಂದ ಏನು ಕೇಳಿಸಿತು ಎಂದು ಮಾತ್ರ ಒಬ್ಬರೂ ಕೇಳಲಿಲ್ಲ.

ಇರಲಿ. ಹಾಲು ಉಕ್ಕಿಸಿದ್ದು ನನ್ನ ಕಥೆಯೇ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಹೊತ್ತು ಹೋದದ್ದೇ ಯಾರಿಗೂ ತಿಳಿಯದಂತೆ ಇಡೀ ಸಭೆಯನ್ನು ಹಿಡಿದಿಟ್ಟಿದ್ದೆ. ಅದರಲ್ಲೂ ಶಾಂತವ್ವ ಎಷ್ಟು ತನ್ಮಯರಾಗಿದ್ದರೆಂದರೆ ಕಥೆಯುದ್ದಕ್ಕೂ ಒಂದು ಹೂಂ ಕೂಡ ಅನ್ನದೆ, ನಾನು ತಿರುಗಿ ನೋಡಿದಾಗಲೂ ಒಲೆಯ ಕಟ್ಟೆಗೆ ಆತೇ ನಿಂತಿದ್ದರು. ಊಟ ಮಾಡುವಾಗ ಹೇಳಿದೆ, ಮನೆಗೆ ಬರುತ್ತಾ ಆಟೋದಲ್ಲಿ ಹೇಳಿದೆ, ಮರುದಿನ ಗೆಳೆಯನಿಗೆ ಫೋನು ಮಾಡಿ, "ನನ್ನ ಕಥೆಯ ಶಕ್ತಿ ಏನು ಅಂತ ನಿಂಗೆ ಗೊತ್ತಿಲ್ಲ ಕಣೋ" ಎಂದೂ ಹೇಳಿದೆ. ಪುಸ್ತಕದ ಮುನ್ನುಡಿಯಲ್ಲಿ ಈ ಪ್ರಸಂಗವನ್ನು ಸೇರಿಸುವ ಯೋಚನೆಯೂ ಇತ್ತು.

ಕೆಲವು ದಿನಗಳ ಮೇಲೆ ಕೋಗಿಲಿಗೆ ಹೋಗಿದ್ದೆ. ಸುಮಿತ್ರಾ ಮತ್ತು ಮಲ್ಲಿಕಾರ್ಜುನ ಕೆಲಸಕ್ಕೆ ಹೋಗಿದ್ದರು, ಶಾಂತವ್ವ ಒಬ್ಬರೇ ಇದ್ದರು. ಗಾಳಿಗೆ ತೆರೆದಿಟ್ಟ ದಕ್ಷಿಣದ ಬಾಗಿಲಲ್ಲೇ ಕುಳಿತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಮಾತಿಗೆ ಮಾತು ಬಂದು, ಆ ದಿನ ಕಥೆ ನಿಮ್ಮನ್ನು ಬಹಳ ಹಿಡಿದುಬಿಟ್ಟಿತ್ತಲ್ಲವೇ ಎಂದು ನಾನೇ ತೆಗೆದೆ. ಹೊಗಳಿಕೆಯನ್ನು ಹೀಗೆ ಬಾಯಿಬಿಟ್ಟು ಕೇಳಬಾರದು, ಆದರೆ ತಡೆಯಲಾಗಲಿಲ್ಲ.

"ಖರೇ ಹೇಳ್ತೀನ್ರೀ ಬೀಗರ, ತಪ್ಪ ತಿಳ್ಕೋಬ್ಯಾಡ್ರಿ" ಎಂದರು ಆಕೆ, ಸೊಪ್ಪಿನಿಂದ ಕಣ್ಣೆತ್ತದೆ. "ನಿಮ್ಮ ಕತಿ ನಾ ಕೇಳಲೇ ಇಲ್ಲ. ನಿಮ್ಮ ಮನಿಯವ್ರು ಉರಿ ಅಷ್ಟ ಸಣ್ಣದ ಇಟ್ಟಿದ್ರು, ಹಂಗಽ ಬಿಟ್ಟಿದ್ರ ಮಧ್ಯಾಹ್ನ ಆದ್ರೂ ಹಾಲು ಏಳ್ತಿರಲಿಲ್ಲ. ಎಲ್ಲಾರೂ ಆ ಕಡೆ ಮಾರಿ ಮಾಡಿ ನಿಮ್ಮ ಮಾತು ಕೇಳಲಿ ಅಂತ ಹೇಳಿ, ಹಿಂದಿಂದ ಕೈ ಹಾಕಿ ಉರಿ ದೊಡ್ಡದ ಮಾಡಿದೆ. ಗುಂಡಿ ಯಾ ಕಡೆ ತಿರಗ್ತೈತಿ ಅಂತ ಗೊತ್ತಾಗದಽ ಜೀವ ಹೋಗಿತ್ತು. ಮತ್ತ ಆರಿಸಿಬಿಟ್ಟಿದ್ರ?"

ಆಕೆ ಒಂದು ಹಿಡಿ ಸೊಪ್ಪು ಬುಟ್ಟಿಗೆ ಹಾಕಿ ಮುಂದುವರಿಸಿದರು. "ಇರಾಂಗಿಲ್ಲ ಅಂತ ಅವತ್ತು ಸಿಟ್ಟಿನ್ಯಾಗ ಅಂದುಬಿಟ್ಟಿದ್ದೆ. ಅಂದದ್ದನ್ನ ನಾನಽ ಹೆಂಗ ವಾಪಸ್ ತಗೊಳ್ಳಿ? ಹಾಲು ಉಕ್ಕಿದ್ರ ಎಲ್ಲಾರ ಮುಂದ ನನ್ನ ಮಾತೂ ಉಳೀತೈತಿ, ನಾನೂ ಉಳೀತೀನಿ. ಸುಮಿತ್ರಾನ್ನ ಬಿಟ್ಟು ಆ ಗದಗಿನ್ಯಾಗ ನನಗ ಹೊತ್ತು ಹೋಗ್ತಿತ್ತೇನ್ರೀ? ಇದನ್ನ ಆಕಿಗೆ ಹೇಳಬ್ಯಾಡ್ರಿ ಮತ್ತ."

ಹೇಳುವುದಿಲ್ಲ ಎಂದೆ. ನನ್ನ ಕಥೆ ಆ ದಿನ ಮಾಡಿದ ಕೆಲಸವೆಂದರೆ ಅಜ್ಜಿಯೊಬ್ಬರ ಕೈಗೆ ಮರೆಯಾಗಿ ನಿಂತದ್ದು ಎಂಬುದನ್ನು ಅರಗಿಸಿಕೊಳ್ಳುತ್ತಾ ಕುಳಿತೆ. ನನ್ನ ಮುಖ ಸಪ್ಪಗಾದದ್ದನ್ನು ಆಕೆ ಕಂಡಿರಬೇಕು. ಸೊಪ್ಪಿನ ಬುಟ್ಟಿ ಪಕ್ಕಕ್ಕೆ ಸರಿಸಿ, "ಈಗ ಹೇಳ್ರಿ, ಈಗ ಮನಸು ಕೊಟ್ಟು ಕೇಳ್ತೀನಿ. ಆ ಕಿಟಕ್ಯಾಗಿಂದ ಏನ್ ಕೇಳಿಸ್ತು?" ಎಂದರು.

ಕೇಳಿಲ್ಲವೆಂದರೂ ಕಿಟಕಿಯ ತನಕ ಬಂದಿದ್ದರಲ್ಲ! ನನಗೆ ಜೀವ ಬಂತು. ನೆಟ್ಟಗೆ ಕುಳಿತು, ಗಂಟಲು ಸರಿಮಾಡಿಕೊಂಡು, "ಕೇಳಿ ಅಮ್ಮಾ, ಆ ಸಣ್ಣ ಕಿಟಕಿಯಿಂದ" ಎಂದು ಕೈಯೆತ್ತಿದೆ.

"ಒಂದ್ ನಿಮಿಷ ತಡೀರಿ ಬೀಗರ" ಎಂದು ಶಾಂತವ್ವ ಮಂಡಿ ಹಿಡಿದು ಎದ್ದರು. "ಒಲಿ ಮ್ಯಾಲೆ ಹಾಲೈತಿ. ಆರಿಸಿ ಬಂದು ಕೂಡ್ತೀನಿ."